ಕೆಂಪಾದರೆ ನಿಧಾನವೇ? ಇಲಿಯ ಸ್ನಾಯುತಂತುಗಳನ್ನು ಗುರುತಿಸುವ ಬಗೆ

ಪ್ರಯೋಗಾಲಯದ ಇಲಿಯ ಹಿಂಗಾಲಿನ ಚರ್ಮ ಸರಿಸಿ, ಮೀನಖಂಡದ ದೊಡ್ಡ ಸ್ನಾಯುವನ್ನು ಮೆಲ್ಲಗೆ ಎತ್ತಿದರೆ ಅದರ ಅಡಿಯಲ್ಲಿ ತೆಳ್ಳನೆಯ ಕಡುಗೆಂಪು ಸ್ನಾಯುವೊಂದು ಕಾಣುತ್ತದೆ. ಅದರ ಹೆಸರು ಸೋಲಿಯಸ್. ತೂಕ ಸುಮಾರು 10 ಮಿಲಿಗ್ರಾಂ, ಹೆಚ್ಚುಕಡಿಮೆ ಒಂದು ಸಣ್ಣಕ್ಕಿಯ ಕಾಳಿನಷ್ಟು. ಅದೇ ಕಾಲಿನ ಮುಂಭಾಗದಲ್ಲಿ ಬೆರಳುಗಳನ್ನು ಮೇಲಕ್ಕೆತ್ತುವ ಇನ್ನೊಂದು ಸ್ನಾಯು ಇದೆ. ಎಕ್ಸ್‌ಟೆನ್ಸರ್ ಡಿಜಿಟೋರಮ್ ಲಾಂಗಸ್ ಎಂಬ ಅದರ ಉದ್ದನೆಯ ಹೆಸರನ್ನು ಎಲ್ಲರೂ ಇಡಿಎಲ್ ಎಂದು ಮೊಟಕು ಮಾಡಿಕೊಂಡಿದ್ದಾರೆ. ತೂಕದಲ್ಲಿ ಅದು ಸೋಲಿಯಸ್‌ಗೆ ಹತ್ತಿರವೇ, ಬಣ್ಣ ಮಾತ್ರ ಮಸುಕು. ಸೋಲಿಯಸ್ ದಿನವಿಡೀ ಮೈಭಾರವನ್ನು ಹೊತ್ತು ನಿಲ್ಲುತ್ತದೆ; ಇಡಿಎಲ್ ಕ್ಷಣಮಾತ್ರ ಸೆಟೆದು ಸಡಿಲವಾಗುತ್ತದೆ.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರಿಗೆ ಒಂದು ತೀರ್ಮಾನ ತಾನಾಗಿಯೇ ಹೊಳೆಯುತ್ತದೆ: ಕೆಂಪು ಸ್ನಾಯು ನಿಧಾನ, ಬಿಳಿ ಸ್ನಾಯು ಚುರುಕು. ಕೋಳಿಯ ಎದೆಯ ಬಿಳಿ ಮಾಂಸವನ್ನೂ ತೊಡೆಯ ಕಪ್ಪುಗೆಂಪು ಮಾಂಸವನ್ನೂ ಕಂಡವರಿಗೆ ಈ ಮಾತು ಹೊಸದೂ ಅಲ್ಲ. ಆದರೆ ಇದು ಅರ್ಧ ಮಾತ್ರ ಸರಿ. ಉಳಿದರ್ಧ ಇಲಿಯ ವಿಷಯದಲ್ಲಿ ದಾರಿ ತಪ್ಪಿಸುತ್ತದೆ. ಇಲಿಯ ಸ್ನಾಯುವಿನ ಬಗ್ಗೆ ಓದುವಾಗ ಹುಟ್ಟುವ ಗೊಂದಲಗಳಲ್ಲಿ ಬಹುಪಾಲಿಗೆ ಬೇರು ಇಲ್ಲೇ ಇದೆ ಎಂಬುದು ನನ್ನ ಅನಿಸಿಕೆ.

ಮೊದಲು ಒಂದು ಪದದ ಮಾತು. ಇಂಗ್ಲಿಷಿನಲ್ಲಿ ಮೌಸ್, ರ‍್ಯಾಟ್ ಎಂದು ಬೇರೆ ಬೇರೆ ಹೆಸರಿರುವ ಎರಡು ಪ್ರಾಣಿಗಳಿಗೂ ಕನ್ನಡದಲ್ಲಿ ನಾವು ಇಲಿ ಎಂದುಬಿಡುತ್ತೇವೆ. ಮನೆಯ ಮಾತಿಗೆ ಅದು ಸಾಕು, ಇಲ್ಲಿ ಸಾಲದು. ಮೌಸ್ ಸುಮಾರು 25 ಗ್ರಾಂ ತೂಗುವ ಪುಟ್ಟ ಪ್ರಾಣಿ. ರ‍್ಯಾಟ್ ಅದರ ಹತ್ತು ಪಟ್ಟಿಗೂ ಹೆಚ್ಚು ತೂಗುತ್ತದೆ. ಸ್ನಾಯುಗಳ ರಚನೆಯಲ್ಲೂ ಇವೆರಡು ಬೇರೆಯೇ. ಈ ಲೇಖನದಲ್ಲಿ ಇಲಿ ಎಂದರೆ ಮೌಸ್; ದೊಡ್ಡದನ್ನು ರ‍್ಯಾಟ್ ಎಂದೇ ಕರೆಯುತ್ತೇನೆ.

ಸ್ನಾಯು ಎಂದರೆ ತಂತುಗಳ ಕಟ್ಟು. ಕಡ್ಡಿಪೊರಕೆಯನ್ನು ಬಿಗಿಯಾಗಿ ಹಿಡಿದು ನಡುವೆ ಅಡ್ಡಲಾಗಿ ಕತ್ತರಿಸಿದರೆ ಕಡ್ಡಿಗಳ ಕೊಯ್ದ ತುದಿಗಳು ಚುಕ್ಕಿಗಳಂತೆ ಕಾಣುತ್ತವಲ್ಲ, ಸ್ನಾಯುವಿನ ಅಡ್ಡಸೀಳು ಸೂಕ್ಷ್ಮದರ್ಶಕದ ಅಡಿ ಹಾಗೆಯೇ ಕಾಣುತ್ತದೆ. ಒಂದೊಂದು ಚುಕ್ಕಿಯೂ ಒಂದು ಜೀವಕೋಶ. ಇಲಿಯ ಸೋಲಿಯಸ್‌ನಲ್ಲಿ ಇಂಥವು ಕೆಲವು ನೂರು. ಬಣ್ಣ ಹಾಕದೆ ನೋಡಿದರೆ ಎಲ್ಲವೂ ಒಂದೇ. ಯಾವುದು ಯಾವ ಬಗೆ ಎಂದು ಹೇಳಬೇಕಾದರೆ ಆ ಕೋಶಕ್ಕೆ ಒಂದು ಪ್ರಶ್ನೆ ಕೇಳಬೇಕು, ಮತ್ತು ಉತ್ತರವು ನಾವು ಕೇಳುವ ಪ್ರಶ್ನೆಯ ಮೇಲೆ ನಿಂತಿದೆ. ನೀನು ಎಷ್ಟು ವೇಗ? ನಿನ್ನ ಇಂಧನ ಯಾವುದು? ನಿನ್ನೊಳಗಿರುವ, ನಿನ್ನನ್ನು ಕುಗ್ಗಿಸುವ ಮಯೋಸಿನ್ ಎಂಬ ಪ್ರೋಟೀನು ಯಾವ ಬಗೆಯದು? ಇವು ಮೂರು ಬೇರೆ ಪ್ರಶ್ನೆಗಳು.

ಈ ಪ್ರಶ್ನೆಗಳು ಚರಿತ್ರೆಯಲ್ಲಿ ಒಂದರ ಹಿಂದೊಂದು ಬಂದವು. 1870ರ ದಶಕದಲ್ಲಿ ಫ್ರಾನ್ಸಿನ ಲೂಯಿ ರಾನ್ವಿಯೇ ಮೊಲದ ಕೆಂಪು ಸ್ನಾಯುಗಳು ಬಿಳಿಯವುಗಳಿಗಿಂತ ನಿಧಾನವಾಗಿ ಸಂಕುಚಿಸುವುದನ್ನು ತೋರಿಸಿದರು. ಕೆಂಪು ಎಂದರೆ ನಿಧಾನ ಎಂಬ ಸಮೀಕರಣ ಗಟ್ಟಿಯಾದದ್ದು ಆಗ, ಮೊಲದ ಸ್ನಾಯುವಿನ ಮೇಲೆ. 1960ರಲ್ಲಿ ಬುಲ್ಲರ್, ಜಾನ್ ಎಕಲ್ಸ್ ಮತ್ತು ಅವರ ಮಗಳು ರೋಸಮಂಡ್ ಎಕಲ್ಸ್ ಬೆಕ್ಕಿನ ಕಾಲಿನಲ್ಲಿ ನರಗಳನ್ನು ಅದಲುಬದಲು ಮಾಡಿ ಹೊಲಿದರು. ನಿಧಾನ ಸ್ನಾಯುವಿಗೆ ಹೋಗುವ ನರವನ್ನು ವೇಗದ ಸ್ನಾಯುವಿಗೆ ಸೇರಿಸಿದಾಗ ಆ ಸ್ನಾಯು ನಿಧಾನವಾಯಿತು. ವೇಗದ ನರವನ್ನು ಪಡೆದ ನಿಧಾನ ಸ್ನಾಯು ಚುರುಕಾಯಿತು. ಬಗೆ ಎಂಬುದು ಹುಟ್ಟಿನಿಂದ ಅಚ್ಚೊತ್ತಿದ ಮುದ್ರೆಯಲ್ಲ, ನರವು ಕಳಿಸುವ ಸಂಕೇತಕ್ಕೆ ತಕ್ಕಂತೆ ಬದಲಾಗುವ ಸ್ಥಿತಿ ಎಂದು ಅಲ್ಲಿಗೆ ಸ್ಪಷ್ಟವಾಯಿತು. 1967ರಲ್ಲಿ ಮೈಕಲ್ ಬಾರಾನಿ ಈ ವೇಗದ ಮೂಲವನ್ನು ಹಿಡಿದರು: ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವನ್ನು ಮಯೋಸಿನ್ ಎಷ್ಟು ಬೇಗ ಒಡೆಯುತ್ತದೆಯೋ ಸ್ನಾಯು ಅಷ್ಟು ಬೇಗ ಕುಗ್ಗುತ್ತದೆ.

ಮಯೋಸಿನ್ ಸ್ನಾಯುವಿನ ಎಂಜಿನ್. ಅದರ ಮುಖ್ಯ ಭಾಗಕ್ಕೆ ಭಾರ ಸರಪಳಿ ಎಂದು ಹೆಸರು, ಸುಮಾರು 1,940 ಅಮೈನೋ ಆಮ್ಲಗಳ ದೊಡ್ಡ ಅಣು. ಇದರಲ್ಲಿ ಹಲವು ರೂಪಗಳಿವೆ, ಒಂದೊಂದಕ್ಕೂ ಒಂದೊಂದು ಜೀನ್. ಬೆಳೆದ ಇಲಿಯ ಕಾಲಿನಲ್ಲಿ ಮುಖ್ಯವಾಗಿ ನಾಲ್ಕು: ನಿಧಾನದ 1ನೆಯ ಬಗೆ, ಬಳಿಕ ವೇಗ ಹೆಚ್ಚುತ್ತಾ ಹೋದಂತೆ 2ಎ, 2ಎಕ್ಸ್, 2ಬಿ. ವೇಗದ ಮೂರು ಜೀನ್‌ಗಳು ಇಲಿಯ 11ನೆಯ ವರ್ಣತಂತುವಿನ ಮೇಲೆ ಒಂದೇ ಓಣಿಯ ಮನೆಗಳಂತೆ ಸಾಲಾಗಿ ಕುಳಿತಿವೆ. ಭ್ರೂಣದ ಮತ್ತು ನವಜಾತ ಮರಿಯ ಮಯೋಸಿನ್ ಜೀನ್‌ಗಳೂ ಅದೇ ಸಾಲಿನಲ್ಲಿವೆ. ನಿಧಾನದ ಜೀನ್ ಮಾತ್ರ ಬೇರೆಡೆ, 14ನೆಯ ವರ್ಣತಂತುವಿನಲ್ಲಿ, ಹೃದಯದ ಮಯೋಸಿನ್ ಜೀನಿನ ಪಕ್ಕದಲ್ಲಿ ಇದೆ.

ಈಗ ಮುಖ್ಯ ಮಾತಿಗೆ ಬರೋಣ. ಈ ನಾಲ್ಕನ್ನು ಕಣ್ಣಿಗೆ ಕಾಣುವಂತೆ ಮಾಡುವುದು ಹೇಗೆ?

ಎಲ್ಲ ವಿಧಾನಗಳೂ ಒಂದೇ ಹೆಜ್ಜೆಯಿಂದ ಆರಂಭವಾಗುತ್ತವೆ. ಎಷ್ಟೋ ಪ್ರಯೋಗಗಳು ಆ ಹೆಜ್ಜೆಯಲ್ಲೇ ಕೆಡುವುದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸ್ನಾಯುವನ್ನು ಹೆಪ್ಪುಗಟ್ಟಿಸಬೇಕು, ಅದೂ ಅತಿ ವೇಗವಾಗಿ. ನಿಧಾನವಾಗಿ ತಣ್ಣಗಾದರೆ ಕೋಶದೊಳಗಿನ ನೀರು ಹರಳುಗಟ್ಟುತ್ತದೆ. ಆಮೇಲೆ ನೋಡಿದಾಗ ತಂತುವಿನ ತುಂಬ ಜರಡಿಯಂತೆ ತೂತುಗಳು. ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ ನೇರವಾಗಿ ಹಾಕಿದರಾಯಿತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಹಾಗೆ ಹಾಕಿದರೆ ಬೆಚ್ಚಗಿನ ಸ್ನಾಯುವಿನ ಸುತ್ತ ಸಾರಜನಕ ಕುದಿದು ಅನಿಲದ ಹೊದಿಕೆಯೊಂದು ಹುಟ್ಟುತ್ತದೆ, ಆ ಹೊದಿಕೆ ಶಾಖ ಹೊರಹೋಗದಂತೆ ತಡೆಯುತ್ತದೆ. ಕಾದ ಕಾವಲಿಯ ಮೇಲೆ ಚಿಮುಕಿಸಿದ ನೀರಿನ ಹನಿ ತಕ್ಷಣ ಇಂಗದೆ ಗೋಲಿಯಂತೆ ಓಡಾಡುವುದಕ್ಕೂ ಇದೇ ಕಾರಣ. ಆದ್ದರಿಂದ ಐಸೊಪೆಂಟೇನ್ ಎಂಬ ದ್ರವವನ್ನು ಸಾರಜನಕದಲ್ಲಿಟ್ಟು, ಪಾತ್ರೆಯ ತಳದಲ್ಲಿ ಅದು ಬೆಳ್ಳಗೆ ಗಟ್ಟಿಯಾಗತೊಡಗುವವರೆಗೆ ತಣಿಸಿ, ಸ್ನಾಯುವನ್ನು ಅದರಲ್ಲಿ ಅದ್ದುತ್ತಾರೆ. ಅದು ಕುದಿಯುವುದಿಲ್ಲ, ಶಾಖವನ್ನು ಒಮ್ಮೆಗೇ ಎಳೆದುಕೊಳ್ಳುತ್ತದೆ. ಆಮೇಲೆ ಮೈನಸ್ 20 ಡಿಗ್ರಿಯ ಕೊಯ್ಯುವ ಯಂತ್ರದಲ್ಲಿ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ತೆಳುವಾದ ಪದರುಗಳನ್ನು ತೆಗೆದು ಗಾಜಿನ ಪಟ್ಟಿಗೆ ಅಂಟಿಸುತ್ತಾರೆ.

ಹಳೆಯ ವಿಧಾನ ಕಿಣ್ವದ್ದು. ಬಾರಾನಿ ಹೇಳಿದ ಎಟಿಪಿ ಒಡೆಯುವ ಗುಣವನ್ನೇ ಬಣ್ಣವಾಗಿಸುವುದು. ಮಯೋಸಿನ್ ಎಟಿಪಿಯನ್ನು ಒಡೆದಾಗ ಫಾಸ್ಫೇಟ್ ಬಿಡುಗಡೆಯಾಗುತ್ತದೆ. ಅದನ್ನು ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಕ್ಯಾಲ್ಸಿಯಂನ ಜಾಗಕ್ಕೆ ಕೋಬಾಲ್ಟ್ ತಂದು, ಕೊನೆಗೆ ಅಮೋನಿಯಂ ಸಲ್ಫೈಡ್ ಸುರಿದರೆ ಕಪ್ಪು ಗಸಿ ಮೂಡುತ್ತದೆ. ಆ ಹೊತ್ತಿಗೆ ಕೋಣೆಯ ತುಂಬ ಕೊಳೆತ ಮೊಟ್ಟೆಯ ನಾತ. ಜಾಣತನ ಇರುವುದು ಅದಕ್ಕೂ ಮುಂಚಿನ ಹಂತದಲ್ಲಿ. ಪದರುಗಳನ್ನು ಮೊದಲು ಆಮ್ಲ ಅಥವಾ ಕ್ಷಾರದಲ್ಲಿ ಕೆಲ ನಿಮಿಷ ನೆನೆಸುತ್ತಾರೆ. ಪಿಎಚ್ 4.3ರ ಆಮ್ಲದಲ್ಲಿ ವೇಗದ ಮಯೋಸಿನ್‌ಗಳು ಸೋಲುತ್ತವೆ, 1ನೆಯ ಬಗೆ ಮಾತ್ರ ಉಳಿದು ಕಪ್ಪಾಗುತ್ತದೆ. 10ರ ಮೇಲಿನ ಕ್ಷಾರದಲ್ಲಿ ಇದು ತಿರುಗುಮುರುಗಾಗುತ್ತದೆ. ನಡುವಿನ 4.6ರಲ್ಲಿ ವೇಗದ ತಂತುಗಳೊಳಗೇ ಎರಡು ಛಾಯೆಗಳು ಕಾಣುತ್ತವೆ. ಬ್ರೂಕ್ ಮತ್ತು ಕೈಸರ್ 1970ರಲ್ಲಿ 2ಎ, 2ಬಿ ಎಂಬ ಹೆಸರುಗಳನ್ನು ಕೊಟ್ಟದ್ದು ಈ ಛಾಯೆಗಳ ಆಧಾರದ ಮೇಲೆ. ಈ 2ಬಿ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಲಿಯಲ್ಲಿ ಈ ವಿಧಾನ ಸುಲಭಕ್ಕೆ ಒಗ್ಗುವುದಿಲ್ಲ. ಪಿಎಚ್ ಒಂದು ದಶಾಂಶ ಅತ್ತಿತ್ತಾದರೂ ಛಾಯೆಗಳು ಕಲಸಿಹೋಗುತ್ತವೆ, ಮನುಷ್ಯನಿಗೆ ಗೊತ್ತುಮಾಡಿದ ಅಳತೆ ಇಲಿಗೆ ನಡೆಯುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, 2ಎಕ್ಸ್ ಎಂಬುದೊಂದು ಇದೆ ಎಂಬುದೇ ಬಹುಕಾಲ ತಿಳಿದಿರಲಿಲ್ಲ. 1980ರ ದಶಕದ ಕೊನೆಯಲ್ಲಿ ಇಟಲಿಯ ಪಾಡೊವಾದಲ್ಲಿ ಸ್ಟೆಫಾನೊ ಸ್ಕಿಯಾಫಿನೊ ಅವರ ತಂಡ ಒಂದೊಂದು ಪ್ರೋಟೀನನ್ನೇ ಗುರುತು ಹಿಡಿದು ಅಂಟಿಕೊಳ್ಳುವ ಪ್ರತಿಕಾಯಗಳ ಸಹಾಯದಿಂದ ರ‍್ಯಾಟ್‌ನ ಸ್ನಾಯುವಿನಲ್ಲಿ ಅದನ್ನು ಪ್ರತ್ಯೇಕವಾಗಿ ಗುರುತಿಸಿತು. ಜರ್ಮನಿಯ ಕಾನ್‌ಸ್ಟಾನ್ಸ್‌ನಲ್ಲಿ ಡಿರ್ಕ್ ಪೆಟ್ಟೆ ಅವರ ತಂಡ ಅದನ್ನೇ 2ಡಿ ಎಂದು ಕರೆದಿತ್ತು. ಹಳೆಯ ಲೇಖನಗಳಲ್ಲಿ 2ಡಿ ಎಂದಿದ್ದರೆ ಅದು 2ಎಕ್ಸ್ ಎಂದೇ ಓದಿಕೊಳ್ಳಬೇಕು.

ಇವತ್ತು ಬಹುತೇಕ ಎಲ್ಲರೂ ಬಳಸುವುದು ಪಾಡೊವಾದ ಆ ಪ್ರತಿಕಾಯಗಳನ್ನೇ. ಬಿಎ-ಡಿ5 ಎಂಬುದು 1ನೆಯ ಬಗೆಗೆ ಅಂಟುತ್ತದೆ, ಎಸ್‌ಸಿ-71 ಎಂಬುದು 2ಎಗೆ, ಬಿಎಫ್-ಎಫ್3 ಎಂಬುದು 2ಬಿಗೆ. ಈ ಮೂರೂ ಪ್ರತಿಕಾಯಗಳ ಬೇರೆ ಬೇರೆ ವರ್ಗಗಳಿಗೆ ಸೇರಿವೆ ಎಂಬುದು ನಮ್ಮ ಭಾಗ್ಯ. ಪ್ರತಿ ವರ್ಗವನ್ನು ಮಾತ್ರ ಹಿಡಿಯುವ, ಬೇರೆ ಬೇರೆ ಬಣ್ಣದಲ್ಲಿ ಹೊಳೆಯುವ ಎರಡನೆಯ ಸುತ್ತಿನ ಪ್ರತಿಕಾಯಗಳನ್ನು ಹಾಕಿದರೆ ಒಂದೇ ಪದರಿನ ಮೇಲೆ ಮೂರು ಬಗೆಗಳು ಮೂರು ಬಣ್ಣದಲ್ಲಿ ಮೂಡುತ್ತವೆ. 2012ರಲ್ಲಿ ಬ್ಲೂಂಬರ್ಗ್ ಮತ್ತು ಕ್ವಾಡ್ರಿಲಾಟೆರೊ ಈ ಬಹುವರ್ಣದ ವಿಧಾನವನ್ನು ರ‍್ಯಾಟ್, ಇಲಿ, ಮನುಷ್ಯ ಮೂರಕ್ಕೂ ಹೊಂದಿಸಿ ಪ್ರಕಟಿಸಿದರು. ಅದಕ್ಕೂ ಮೊದಲು ಒಂದರ ಹಿಂದೊಂದು ಪದರುಗಳಿಗೆ ಬೇರೆ ಬೇರೆ ಬಣ್ಣ ಹಾಕಿ, ಈ ಚಿತ್ರದ ಈ ತಂತು ಆ ಚಿತ್ರದಲ್ಲಿ ಎಲ್ಲಿದೆ ಎಂದು ಕಣ್ಣಿನಿಂದ ಹುಡುಕಿ ಜೋಡಿಸಬೇಕಿತ್ತು. ಆ ಕೆಲಸ ಮಾಡಿದವರಿಗೆ ಮಾತ್ರ ಗೊತ್ತು ಈ ಬದಲಾವಣೆಯ ಬೆಲೆ.

2ಎಕ್ಸ್ ಎಲ್ಲಿ ಹೋಯಿತು? ಅದಕ್ಕೂ 6ಎಚ್1 ಎಂಬ ಪ್ರತಿಕಾಯವಿದೆ. ಆದರೆ ಅದು ಬಿಎಫ್-ಎಫ್3ರ ವರ್ಗಕ್ಕೇ ಸೇರಿದ್ದು, ಹಾಗಾಗಿ ಎರಡನ್ನೂ ಒಂದೇ ಪದರಿನ ಮೇಲೆ ಬೇರೆ ಬೇರೆ ಬಣ್ಣದಲ್ಲಿ ತೋರಿಸಲಾಗುವುದಿಲ್ಲ. ಆದ್ದರಿಂದ ರೂಢಿಯಲ್ಲಿರುವುದು ಕಳೆಯುವ ಲೆಕ್ಕ: ಮೂರರಲ್ಲಿ ಯಾವ ಬಣ್ಣವೂ ಹತ್ತದೆ ಕಪ್ಪಾಗಿ ಉಳಿದದ್ದು 2ಎಕ್ಸ್. ಈ ಲೆಕ್ಕದ ಮೇಲೆ ನನಗೆ ಯಾವಾಗಲೂ ಒಂದು ಎಚ್ಚರಿಕೆಯ ಕಣ್ಣು. ಪ್ರತಿಕಾಯ ಸರಿಯಾಗಿ ಹರಡದ ಮೂಲೆಯಲ್ಲೂ ತಂತು ಕಪ್ಪಾಗಿಯೇ ಉಳಿಯುತ್ತದೆ. ಗಾಯಗೊಂಡು ಮತ್ತೆ ಬೆಳೆಯುತ್ತಿರುವ ತಂತುವಿನಲ್ಲಿ ಭ್ರೂಣಕಾಲದ ಮಯೋಸಿನ್ ಇರುತ್ತದೆ. ಅದೂ ಈ ಮೂರಕ್ಕೂ ಅಂಟದೆ ಕಪ್ಪಾಗಿ ಕಾಣಬಹುದು. ಪಕ್ಕದ ಪದರಿನಲ್ಲಿ 6ಎಚ್1 ಹಾಕಿ ತಾಳೆ ನೋಡಿದವರ ಮಾತನ್ನು ನಾನು ಹೆಚ್ಚು ನಂಬುತ್ತೇನೆ.

ಇಲಿಗೇ ವಿಶೇಷವಾದ ತೊಡಕು ಇನ್ನೊಂದಿದೆ. ಈ ಪ್ರತಿಕಾಯಗಳೆಲ್ಲ ಹುಟ್ಟಿದ್ದು ಇಲಿಯ ಜೀವಕೋಶಗಳಲ್ಲಿ. ಎರಡನೆಯ ಸುತ್ತಿನ ಹೊಳೆಯುವ ಪ್ರತಿಕಾಯಕ್ಕೆ ಗೊತ್ತಿರುವುದು ಒಂದೇ ಕೆಲಸ: ಇಲಿಯ ಪ್ರತಿಕಾಯ ಕಂಡಲ್ಲಿ ಹೋಗಿ ಕೂರುವುದು. ಮೊಲದ ಅಥವಾ ಮನುಷ್ಯನ ಸ್ನಾಯುವಿನಲ್ಲಿ ಇದರಿಂದ ತೊಂದರೆಯಿಲ್ಲ. ಇಲಿಯ ಸ್ನಾಯುವಿನಲ್ಲಾದರೋ ಇಲಿಯ ಸ್ವಂತ ಪ್ರತಿಕಾಯಗಳು ರಕ್ತದ ಜೊತೆ ಬಂದು ತಂತುಗಳ ಸಂದಿಗಳಲ್ಲಿ ಕುಳಿತಿರುತ್ತವೆ, ಅವೂ ಹೊಳೆಯುತ್ತವೆ. ಆರೋಗ್ಯವಂತ ಇಲಿಯಲ್ಲಿ ಇದು ಮಸುಕು ಹಿನ್ನೆಲೆ ಅಷ್ಟೇ, ಮುಂಚಿತವಾಗಿ ತಡೆಯುವ ದ್ರಾವಣ ಹಾಕಿ ಸರಿಪಡಿಸಬಹುದು. ಕಾಯಿಲೆಯ ಇಲಿಯಲ್ಲಿ ಅಪಾಯ ಹೆಚ್ಚು. ಡುಶೆನ್ ಸ್ನಾಯುಕ್ಷಯ ಎಂಬ ಆನುವಂಶಿಕ ಕಾಯಿಲೆಯ ಅಧ್ಯಯನಕ್ಕೆ 1984ರಿಂದ ಬಳಕೆಯಲ್ಲಿರುವ ಎಂಡಿಎಕ್ಸ್ ಇಲಿಗಳಲ್ಲಿ ಸಾಯುತ್ತಿರುವ ತಂತುವಿನ ಪೊರೆ ಹರಿದು ರಕ್ತದ ಪ್ರತಿಕಾಯಗಳು ಒಳನುಗ್ಗುತ್ತವೆ. ಆಗ ಆ ತಂತು ಇಡಿಯಾಗಿ ಹೊಳೆಯುತ್ತದೆ. ನೋಡುವವರು ಅದನ್ನು 1ನೆಯ ಬಗೆಯೆಂದೋ 2ಎ ಎಂದೋ ಎಣಿಸಿಬಿಟ್ಟರೆ ಸತ್ತ ತಂತುವಿಗೆ ಬದುಕಿರುವ ಹೆಸರು ಕೊಟ್ಟಂತಾಯಿತು. ಮೊದಲ ಸುತ್ತಿನ ಪ್ರತಿಕಾಯವನ್ನು ಹಾಕದೆ ಎರಡನೆಯದನ್ನಷ್ಟೇ ಹಾಕಿದ ಒಂದು ಪದರು ಜೊತೆಗಿದ್ದರೆ ಈ ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ.

ಇನ್ನು ಬಣ್ಣದ ಪ್ರಶ್ನೆ. ಸ್ನಾಯು ಕೆಂಪಾಗಲು ಕಾರಣ ಆಮ್ಲಜನಕ ಹಿಡಿದಿಡುವ ಮಯೊಗ್ಲೋಬಿನ್, ಒತ್ತಾಗಿ ಹಬ್ಬಿದ ರಕ್ತನಾಳಗಳು ಮತ್ತು ಕೋಶದೊಳಗೆ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಹೇರಳವಾದ ಮೈಟೊಕಾಂಡ್ರಿಯ. ಇವೆಲ್ಲ ಇಂಧನದ ಪ್ರಶ್ನೆಗೆ ಉತ್ತರ, ವೇಗದ ಪ್ರಶ್ನೆಗಲ್ಲ. ಇಂಧನದ ಉತ್ತರವನ್ನು ನೇರವಾಗಿ ಪಡೆಯಲು ಸಕ್ಸಿನೇಟ್ ಡಿಹೈಡ್ರೋಜಿನೇಸ್ ಎಂಬ ಮೈಟೊಕಾಂಡ್ರಿಯದ ಕಿಣ್ವಕ್ಕೆ ನೀಲಿ ಬಣ್ಣ ಹಾಕುತ್ತಾರೆ. ಆಮ್ಲಜನಕ ಹೆಚ್ಚು ಬಳಸುವ ತಂತು ಗಾಢ ನೀಲಿಯಾಗುತ್ತದೆ. ಇಲಿಯಲ್ಲಿ ಹೀಗೆ ಮಾಡಿ ನೋಡಿದಾಗ 2ಎ ತಂತುಗಳು 1ನೆಯ ಬಗೆಯಷ್ಟೇ, ಹಲವೆಡೆ ಅದಕ್ಕಿಂತಲೂ ಗಾಢವಾಗಿ ಕಾಣುತ್ತವೆ! ಎಂದರೆ ಇಲಿಯ ವೇಗದ ತಂತುವೊಂದು ನಿಧಾನ ತಂತುವಿಗಿಂತ ಕೆಂಪಾಗಿರಬಲ್ಲದು. ಅಷ್ಟು ಕೆಂಪಾದ ಸೋಲಿಯಸ್‌ನಲ್ಲೂ ಸಾಮಾನ್ಯ ಕಪ್ಪು ತಳಿಯ ಇಲಿಗಳಲ್ಲಿ 1ನೆಯ ಬಗೆಯ ತಂತುಗಳು ಮೂರನೇ ಒಂದಂಶದಿಂದ ಅರ್ಧದವರೆಗೆ ಮಾತ್ರ; ಉಳಿದವುಗಳಲ್ಲಿ ದೊಡ್ಡ ಪಾಲು 2ಎ. ಸೋಲಿಯಸ್ ನಿಧಾನ ಸ್ನಾಯು ಎಂಬ ಪಾಠಪುಸ್ತಕದ ಮಾತು ರ‍್ಯಾಟ್‌ಗೆ ಚೆನ್ನಾಗಿ ಒಪ್ಪುತ್ತದೆ, ಅಲ್ಲಿ ಹತ್ತರಲ್ಲಿ ಎಂಟು ಒಂಬತ್ತು ತಂತುಗಳು 1ನೆಯ ಬಗೆಯವು. ಇಲಿಯಲ್ಲಿ ಅದು ಮಿಶ್ರ ಸ್ನಾಯು.

2002ರಲ್ಲಿ, ಮೈಟೊಕಾಂಡ್ರಿಯವನ್ನು ಹೆಚ್ಚಿಸುವ ಪಿಜಿಸಿ-1 ಆಲ್ಫಾ ಎಂಬ ಪ್ರೋಟೀನನ್ನು ಸ್ನಾಯುವಿನಲ್ಲಿ ಹೆಚ್ಚಿಸಿದ ಇಲಿಗಳ ಬಗ್ಗೆ ವರದಿ ಬಂದಾಗ ಮಸುಕಾಗಿರಬೇಕಿದ್ದ ಸ್ನಾಯುಗಳು ಬರಿಗಣ್ಣಿಗೇ ಕೆಂಪಾಗಿದ್ದವು, ದಣಿವನ್ನೂ ಹೆಚ್ಚು ಹೊತ್ತು ತಡೆದವು. ಚಿತ್ರ ನೋಡಿದವರು ಮರೆಯುವಂಥದ್ದಲ್ಲ. ಆದರೆ ಅಂಥ ಚಿತ್ರವನ್ನು ನೋಡುವಾಗಲೇ ಕೇಳಬೇಕು: ಬದಲಾದದ್ದು ಮೈಟೊಕಾಂಡ್ರಿಯವೋ, ಮಯೋಸಿನ್ನೋ, ಎರಡೂ ಎಷ್ಟೆಷ್ಟು?

ಈಗ 2ಬಿ ಎಂಬ ಹೆಸರಿಗೆ ಮರಳೋಣ. ಇಲಿಯ ಇಡಿಎಲ್‌ನ ಹೆಚ್ಚಿನ ತಂತುಗಳು 2ಬಿ. ಅವು ದಪ್ಪನೆಯವು, ಅತಿ ವೇಗದವು. ಮನುಷ್ಯರಲ್ಲಿಯೂ ಆ ಜೀನ್ ಇದೆ; ಆದರೆ ನಮ್ಮ ಕೈಕಾಲಿನ ಸ್ನಾಯುಗಳಲ್ಲಿ ಆ ಪ್ರೋಟೀನು ತಯಾರಾಗುವುದಿಲ್ಲ. ಹಾಗಾದರೆ 1970ರಿಂದ ಮನುಷ್ಯರ ಸ್ನಾಯುವಿನಲ್ಲಿ 2ಬಿ ಎಂದು ಎಣಿಸುತ್ತಾ ಬಂದದ್ದೇನು? 1990ರ ದಶಕದಲ್ಲಿ ಆ ತಂತುಗಳಲ್ಲಿ ಯಾವ ಜೀನ್ ಕೆಲಸ ಮಾಡುತ್ತಿದೆ ಎಂದು ನೋಡಿದಾಗ ಅದು 2ಎಕ್ಸ್ ಎಂದು ತಿಳಿಯಿತು. ಹಳೆಯ ಕಿಣ್ವವಿಧಾನದ ಬಣ್ಣದ 2ಬಿ ಒಂದು, ಮಯೋಸಿನ್ ಲೆಕ್ಕದ 2ಬಿ ಇನ್ನೊಂದು. ಈಗಲೂ ವ್ಯಾಯಾಮದ ಪುಸ್ತಕಗಳಲ್ಲಿ ಮನುಷ್ಯನ 2ಬಿ ತಂತು ಎಂಬ ಮಾತು ಓಡಾಡುತ್ತಿದೆ. ಡುಶೆನ್ ಕಾಯಿಲೆಯಲ್ಲಿ ವೇಗದ ತಂತುಗಳು ಮೊದಲು ಹಾಳಾಗುತ್ತವೆ ಎಂದು 1988ರಲ್ಲಿ ರೋಗಿಗಳ ಸ್ನಾಯುವಿನ ಮೇಲೆ ವರದಿಯಾಯಿತು. ಆ ಕಾಲದ ಹೆಸರುಗಳನ್ನು ಇಂದಿನ ಇಲಿಯ ಚಿತ್ರದ ಪಕ್ಕದಲ್ಲಿ ನೇರವಾಗಿ ಇಟ್ಟರೆ ಹೋಲಿಕೆ ಬೇರೆ ಬೇರೆ ವಸ್ತುಗಳ ನಡುವೆ ನಡೆಯುತ್ತದೆ. ಔಷಧವೊಂದು ಇಲಿಯ 2ಬಿ ತಂತುಗಳನ್ನು ಉಳಿಸಿತು ಎಂಬ ಸುದ್ದಿ ಓದಿ ಆಸೆಪಡುವ ತಂದೆತಾಯಿಗಳಿಗೆ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳುವ ಹೊಣೆ ಬರೆಯುವವರ ಮೇಲಿದೆ.

ಸೀಳು ಎಲ್ಲಿಂದ ತೆಗೆದದ್ದು ಎಂಬುದೂ ಮುಖ್ಯ. ಮೊಣಕಾಲಿನ ಕೆಳಗೆ ಮುಂಭಾಗದಲ್ಲಿರುವ ಟಿಬಿಯಾಲಿಸ್ ಆಂಟೀರಿಯರ್ ಸ್ನಾಯುವಿನ ಹೊರಪದರ ಬಹುಪಾಲು 2ಬಿ; ಮೂಳೆಯ ಕಡೆಗಿನ ಒಳಭಾಗದಲ್ಲಿ 2ಎ, 2ಎಕ್ಸ್ ಒತ್ತಾಗಿವೆ. ಒಂದು ಇಲಿಯ ಹೊರಭಾಗವನ್ನೂ ಇನ್ನೊಂದರ ಒಳಭಾಗವನ್ನೂ ಎಣಿಸಿದರೆ ಔಷಧವೇ ಇಲ್ಲದೆ ಔಷಧದ ಪರಿಣಾಮ ಕಾಣುತ್ತದೆ. ಸೋಲಿಯಸ್, ಇಡಿಎಲ್‌ನಂಥ ಸಣ್ಣ ಸ್ನಾಯುಗಳಲ್ಲಿ ಇಡೀ ಸೀಳನ್ನೇ ಎಣಿಸಬಹುದು, ಎಣಿಸಬೇಕು. ತಳಿ, ವಯಸ್ಸು, ಗಂಡೋ ಹೆಣ್ಣೋ ಎಂಬುದೂ ಅಂಕಿಗಳನ್ನು ಅಲುಗಿಸುತ್ತವೆ.

ಸೀಳನ್ನೇ ತೆಗೆಯದೆ, ಸ್ನಾಯುವನ್ನು ಅರೆದು ಪ್ರೋಟೀನುಗಳನ್ನು ಲೋಳೆಯಂಥ ಜೆಲ್‌ನಲ್ಲಿ ವಿದ್ಯುತ್ತಿನಿಂದ ಓಡಿಸಿ ಬೇರ್ಪಡಿಸುವ ದಾರಿಯೂ ಇದೆ. ನಾಲ್ಕೂ ಮಯೋಸಿನ್‌ಗಳ ತೂಕ ಹೆಚ್ಚುಕಡಿಮೆ ಒಂದೇ ಆದ್ದರಿಂದ ತಣ್ಣಗಿಟ್ಟು ಒಂದು ಇಡೀ ದಿನ ಓಡಿಸಬೇಕಾಗುತ್ತದೆ. 1ನೆಯದು ಎಲ್ಲಕ್ಕಿಂತ ಮುಂದೆ, ಅದರ ಹಿಂದೆ 2ಬಿ. 2ಎಕ್ಸ್ ಮತ್ತು 2ಎ ಗೆರೆಗಳು ಇಲಿಯಲ್ಲಿ ಒಂದಕ್ಕೊಂದು ತಾಗಿಕೊಂಡೇ ನಿಲ್ಲುತ್ತವೆ. ಒಟ್ಟು ಪಾಲು ತಿಳಿಯಲು ಇದು ಒಳ್ಳೆಯದು, ಯಾವ ತಂತುವಿನಲ್ಲಿ ಏನಿದೆ ಎಂದು ಮಾತ್ರ ಹೇಳದು. ಒಂದೊಂದೇ ತಂತುವನ್ನು ಚಿಮಟದಿಂದ ಬಿಡಿಸಿ ಜೆಲ್‌ಗೆ ಹಾಕಿದವರು ಕಂಡ ಸಂಗತಿ ಇನ್ನೂ ದೊಡ್ಡದು. ಬಹಳಷ್ಟು ತಂತುಗಳಲ್ಲಿ ಇರುವುದು ಒಂದೇ ಮಯೋಸಿನ್ ಅಲ್ಲ. 1 ಮತ್ತು 2ಎ, 2ಎ ಮತ್ತು 2ಎಕ್ಸ್, 2ಎಕ್ಸ್ ಮತ್ತು 2ಬಿ, ಹೀಗೆ ಸಾಮಾನ್ಯವಾಗಿ ಸಾಲಿನಲ್ಲಿ ಪಕ್ಕಪಕ್ಕದವು ಒಟ್ಟಿಗಿರುತ್ತವೆ. ಇಂಥವನ್ನು ಮಿಶ್ರತಂತು ಎನ್ನೋಣ. ಒಂದು ತಂತುವಿನಲ್ಲಿ ನೂರಾರು ಕೋಶಕೇಂದ್ರಗಳಿರುತ್ತವೆ. 2020ರಲ್ಲಿ ಪ್ಯಾರಿಸಿನ ಸಂಶೋಧಕರು ಅವನ್ನು ಒಂದೊಂದಾಗಿ ಓದಿದಾಗ, ಸಾಮಾನ್ಯ ತಂತುವಿನಲ್ಲಿ ಅವೆಲ್ಲ ಹೊಂದಾಣಿಕೆಯಿಂದ ಒಂದೇ ಮಯೋಸಿನ್ ಜೀನನ್ನು ಬಳಸುತ್ತವೆ ಎಂದು ಕಂಡಿತು.

ಈ ಮಿಶ್ರತಂತುಗಳು ಎಣಿಸುವವರಿಗೆ ತಲೆನೋವು. ಚಿತ್ರದಲ್ಲಿ ಎರಡು ಬಣ್ಣಗಳು ಬೆರೆತು ನಡುವಿನ ಛಾಯೆ ಬರುತ್ತದೆ. ಎಲ್ಲಿ ಗೆರೆ ಎಳೆಯುವುದು ಎಂದು ನಿರ್ಧರಿಸಬೇಕು. ವರ್ಗೀಕರಿಸಲಾಗದವು ಎಂದು ಅವನ್ನು ಲೆಕ್ಕದಿಂದ ಬಿಡುವ ಅಭ್ಯಾಸ ಇದೆ. ಅದು ತಪ್ಪು ಎಂದೇ ನಾನು ನಂಬುತ್ತೇನೆ, ಏಕೆಂದರೆ ಸ್ನಾಯು ಬದಲಾಗುವಾಗ ಮೊದಲು ಹೆಚ್ಚುವುದು ಇವೇ. ಇಲಿಯ ಬಾಲವನ್ನು ಮೇಲಕ್ಕೆ ಕಟ್ಟಿ ಹಿಂಗಾಲುಗಳ ಮೇಲೆ ಭಾರ ಬೀಳದಂತೆ ಎರಡು ಮೂರು ವಾರ ಇಟ್ಟರೆ ಸೋಲಿಯಸ್ ಸೊರಗುತ್ತದೆ. ಭೂಮಿಯಲ್ಲೇ ಬಾಹ್ಯಾಕಾಶದ ಭಾರರಹಿತ ಸ್ಥಿತಿಯನ್ನು ಅನುಕರಿಸುವ ಪ್ರಯೋಗ ಇದು. ಆ ಸೋಲಿಯಸ್‌ನ ಸೀಳಿಗೆ ಬಣ್ಣ ಹಾಕಿದರೆ 1ನೆಯ ಬಗೆಯ ತಂತುಗಳು ಒಮ್ಮೆಗೇ ಮಾಯವಾಗಿರುವುದಿಲ್ಲ. ಅವುಗಳಲ್ಲಿ ಕೆಲವು ಇನ್ನೂ ಬಿಎ-ಡಿ5ರ ಬಣ್ಣದಲ್ಲೇ ಹೊಳೆಯುತ್ತಿರುತ್ತವೆ, ಆದರೆ ಅದರ ಮೇಲೆ ಎಸ್‌ಸಿ-71ರ ಬಣ್ಣವೂ ತೆಳುವಾಗಿ ಹರಡತೊಡಗಿರುತ್ತದೆ.